ಸೊಂಟಪಟ್ಟಿಯ ಒಳಗಿನ ತಾರೀಖು

ಆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಪಕ್ಕದಲ್ಲಿ ಇಸ್ತ್ರಿ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ. ಅಳತೆ ಕೊಡಲು ಕನ್ನಡಿಯ ಮುಂದೆ ನಿಂತವರೆಲ್ಲ ಹೊಟ್ಟೆ ಒಳಗೆಳೆದುಕೊಂಡೇ ನಿಲ್ಲುತ್ತಿದ್ದರು. ಟೈಲರಮ್ಮ ಟೇಪು ಹಿಡಿದು, ಮಳೆ ಬಿಸಿಲು ಅಂತ ಏನಾದರೂ ಮಾತು ತೆಗೆದು, ಅವರು ಉಸಿರು ಬಿಡುವವರೆಗೂ ಕಾಯುತ್ತಿದ್ದಳು. ಉಸಿರು ಬಿಟ್ಟ ಮೇಲೆ ಸಿಗುವುದೇ ನಿಜವಾದ ಅಳತೆ ಎಂಬುದು ಇಪ್ಪತ್ತೈದು ವರ್ಷದ ಕಸುಬಿನಲ್ಲಿ ಅವಳು ಕಂಡುಕೊಂಡ ಮಾತು. ಇಡೀ ಬೀದಿಯ ಸೊಂಟ, ತೋಳು, ಭುಜ ಅವಳ ಕಣ್ಣಳತೆಯಲ್ಲೇ ಇತ್ತು. ಗಂಡ ತೀರಿಹೋದ ಮೇಲೆ ಅತ್ತೆಯನ್ನೂ ಮಗಳನ್ನೂ ಸಾಕಿದ್ದು ಇದೇ ಯಂತ್ರ.

ಮಗಳಿಗೆ ಗುಂಡಿ ಎಂಬ ಅಡ್ಡಹೆಸರು ಅಂಟಿಕೊಂಡದ್ದೂ ಇದೇ ಕೋಣೆಯಲ್ಲಿ. ಒಂದೂವರೆ ವರ್ಷದ ಕೂಸು ಡಬ್ಬಿಗೆ ಕೈಹಾಕಿ ಯಾರದೋ ಕೋಟಿನ ಗುಂಡಿಯನ್ನು ನುಂಗಿಬಿಟ್ಟಿತ್ತು. ಎರಡು ದಿನ ತಾಯಿ ಬೇರೆಲ್ಲ ಕೆಲಸ ಬಿಟ್ಟು ಅದು ಹೊರಬರುವುದನ್ನೇ ಕಾದಿದ್ದಳು. ಬಂದ ಮೇಲೆ ಮೂರು ಸಲ ತೊಳೆದು, ಬಿಸಿನೀರಿನಲ್ಲಿ ಕುದಿಸಿ, ಅದೇ ಕೋಟಿಗೆ ಹೊಲಿದು ಕೊಟ್ಟಳು ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳದೆ ಬಿಟ್ಟದ್ದು ಕೋಟಿನ ಯಜಮಾನನಿಗೆ ಮಾತ್ರ.

ಹತ್ತೊಂಬತ್ತನೇ ವಯಸ್ಸಿಗೆ ಗುಂಡಿಯ ಹೊಟ್ಟೆ ಮತ್ತೆ ಮನೆಯವರ ನಿದ್ದೆ ಕೆಡಿಸಿತು. ದಿನಕ್ಕೆ ಎಂಟು ಸಲ, ಹತ್ತು ಸಲ ಬಚ್ಚಲುಮನೆಗೆ ಓಡುವುದು, ಊಟವಾದ ಅರ್ಧ ಗಂಟೆಗೆ ಕರುಳು ಹಿಂಡಿದಂಥ ನೋವು, ಸಂಜೆಗೆ ಮೈ ಕಾವು. ಅಜೀರ್ಣ ಅಂದರು, ಜಂತು ಅಂದರು, ಪರೀಕ್ಷೆಯ ಭಯ ಅಂದರು. ಆರು ತಿಂಗಳು ಅವರಿವರ ಮಾತ್ರೆ ನುಂಗಿದ ಮೇಲೆ ದೊಡ್ಡಾಸ್ಪತ್ರೆಯ ಹೊಟ್ಟೆ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, ಇದಕ್ಕೆ ಕ್ರೋನ್ಸ್ ಅನ್ನುತ್ತಾರೆ ಎಂದರು. ಮೈ ಕಾಯಬೇಕಾದ ಕಾವಲುಗಾರರೇ ಸ್ವಂತ ಕರುಳನ್ನು ಕಳ್ಳನೆಂದು ತಿಳಿದು ಬಡಿಯುತ್ತಿದ್ದಾರೆ, ಏಟು ತಿಂದ ಜಾಗ ಊದಿ ಹುಣ್ಣಾಗಿದೆ ಎಂದು ಬಿಡಿಸಿ ಹೇಳಿದರು. ಬೇರುಸಹಿತ ಕಿತ್ತುಹಾಕುವ ಔಷಧಿ ಇನ್ನೂ ಇಲ್ಲ, ಆದರೆ ಹತೋಟಿಯಲ್ಲಿಟ್ಟುಕೊಂಡು ಎಲ್ಲರ ಹಾಗೆ ಬದುಕಬಹುದು ಅಂತಲೂ ಹೇಳಿದರು. ತಾಯಿಗೆ ಕೊನೆಯ ಮಾತು ಮಾತ್ರ ಕಿವಿಗೆ ಬಿತ್ತು. ಅದನ್ನೇ ಮಡಿಚಿ ಸೆರಗಿಗೆ ಕಟ್ಟಿಕೊಂಡಂತೆ ಮನೆಗೆ ತಂದಳು.

ಆ ದಿನಗಳಲ್ಲಿ ನಡೆದದ್ದೊಂದು ಅವಳ ಮನಸ್ಸಿನಿಂದ ಹೋಗಲೇ ಇಲ್ಲ. ಗುಂಡಿ ಗೆಳತಿಯ ಮನೆಗೆ ಹೊರಟು ಕನ್ನಡಿಯ ಮುಂದೆ ನಿಂತಿದ್ದಳು. ತಾನೇ ಇಷ್ಟಪಟ್ಟು ಹೊಲಿಸಿಕೊಂಡ ಹಸಿರು ಅಂಗಿ ಭುಜದಿಂದ ಜಾರುತ್ತಿತ್ತು. ಹುಡುಗಿ ಸ್ವಲ್ಪ ಹೊತ್ತು ನೋಡಿ, "ಅಮ್ಮ, ನಾನು ಬಟ್ಟೆ ಹಾಕ್ಕೊಂಡಿಲ್ಲ, ಬಟ್ಟೆನೇ ನನ್ನನ್ನ ಹಾಕ್ಕೊಂಡಿದೆ," ಎಂದಳು. ಅತ್ತೆ ನಕ್ಕರು, ಗುಂಡಿಯೂ ನಕ್ಕಳು. ನಗುತ್ತಾ ನಗುತ್ತಾ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅವತ್ತು ಗೆಳತಿಯ ಮನೆಗೆ ಹೋಗಲಿಲ್ಲ.

ಮಗಳ ಹೊಟ್ಟೆಯೊಳಗೆ ಕೈಹಾಕಿ ಸರಿಮಾಡುವುದು ಟೈಲರಮ್ಮನಿಂದ ಆಗುವ ಕೆಲಸವಲ್ಲ. ಅಂಗಿಯ ಒಳಗೆ ಕೈಹಾಕುವುದು ಆಗುತ್ತಿತ್ತು. ಮಾರನೆಯ ದಿನವೇ ಹಸಿರು ಅಂಗಿಯ ಎರಡೂ ಪಕ್ಕಕ್ಕೆ ಒಂದೊಂದು ಹೊಲಿಗೆ ಹಾಕಿ, ಇಸ್ತ್ರಿ ಮಾಡಿ, ಏನೂ ಹೇಳದೆ ಬೀರುವಿನಲ್ಲಿಟ್ಟಳು. ಮುಂದೆ ಸ್ಟೀರಾಯ್ಡ್ ಮಾತ್ರೆ ಶುರುವಾಗಿ, ಮುಖ ಹುಣ್ಣಿಮೆಯ ಚಂದ್ರನ ಹಾಗೆ ಉಬ್ಬಿ, ಮೈ ತುಂಬಿಕೊಂಡಾಗ ಅದೇ ಹೊಲಿಗೆಗಳನ್ನು ಬಿಚ್ಚಿದಳು. ಮಾತ್ರೆ ಇಳಿಸಿದಾಗ ಮತ್ತೆ ಹಾಕಿದಳು. ಬಟ್ಟೆ ಒಗೆದು ಒಣಗಿಸಿ ತರುವ ದಿನ, ಯಾರೂ ಕೇಳದ ಹಾಗೆ, ಅಡುಗೆಗೆ ಉಪ್ಪು ಹಾಕಿದಷ್ಟು ಸಹಜವಾಗಿ. ಮಗಳು ಎಂದೂ ಕೇಳಲಿಲ್ಲ. ತಾಯಿ ಎಂದೂ ಹೇಳಲಿಲ್ಲ.

ಆಮೇಲೆ ಚುಚ್ಚುಮದ್ದು ಬಂತು. ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಫ್ರಿಜ್ಜಿನಲ್ಲಿ ಮೊಟ್ಟೆಗಳ ಪಕ್ಕ ಮಲಗಿರುತ್ತಿದ್ದ ಪೆನ್ನಿನಂಥದ್ದನ್ನು ಹೊರಗೆ ತೆಗೆದು, ಅರ್ಧ ಗಂಟೆ ತಣುಪು ಆರಲು ಬಿಟ್ಟು, ಗುಂಡಿ ತಾನೇ ತೊಡೆಗೆ ಒತ್ತಿಕೊಳ್ಳುತ್ತಿದ್ದಳು. ಟಕ್ ಅನ್ನುತ್ತಿತ್ತು. ಅದಕ್ಕೆ ಅತ್ತೆ ಚೇಳು ಎಂದು ಹೆಸರಿಟ್ಟಿದ್ದರು. "ಕಚ್ಚಿತೇನೇ?" ಎಂದು ಕೋಣೆಯೊಳಗಿಂದ ಕೇಳುವುದು, "ಕಚ್ಚಿತು ಅಜ್ಜಿ, ಇನ್ನು ಕಾಫಿ ಕುಡೀಬಹುದು," ಎಂದು ಇವಳು ಹೇಳುವುದು. ಚೇಳು ಮೂರು ವರ್ಷ ಚೆನ್ನಾಗಿ ಕಾಪಾಡಿತು. ಹುಣ್ಣು ಮಾಗಿದವು, ಮೈ ಕೈ ತುಂಬಿದವು. ಆಸ್ಪತ್ರೆಯವರು ವರ್ಷಕ್ಕೊಮ್ಮೆ ಬಂದರೆ ಸಾಕು, ನಡುವೆ ತಿಂಗಳಿಗೊಮ್ಮೆ ನರ್ಸು ಫೋನ್ ಮಾಡುತ್ತಾರೆ ಎಂದರು.

ಆ ಧೈರ್ಯದಲ್ಲೇ ಗುಂಡಿ ನಗರದ ಬಸ್ಸು ಓಡಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದು. ಹೊಟ್ಟೆಯನ್ನು ನಂಬಿಕೊಂಡು ಮನೆ ಬಿಡಲು ಹೆದರುತ್ತಿದ್ದ ಹುಡುಗಿ ಅರವತ್ತು ಜನರನ್ನು ಬೆನ್ನ ಹಿಂದೆ ಕೂರಿಸಿಕೊಂಡು ಊರು ಸುತ್ತುತ್ತಾಳೆಂದರೆ ಮೊದಲು ಯಾರೂ ನಂಬಲಿಲ್ಲ. ಒಂದು ವರ್ಷ ಪರೀಕ್ಷೆಯ ಅವಧಿ, ಆಮೇಲೆ ಕಾಯಂ. ಡಿಪೋದಿಂದ ಎರಡು ಜೊತೆ ಕಡುನೀಲಿ ಸಮವಸ್ತ್ರ ಬಂತು. ಪ್ಯಾಂಟುಗಳು ಯಾವ ದೇಹಕ್ಕೂ ಸೇರದ ಸಿದ್ಧ ಅಳತೆಯವು. ಟೈಲರಮ್ಮ ಎರಡನ್ನೂ ಪೂರ್ತಿ ಬಿಚ್ಚಿ, ಒಳಗೆ ಧಾರಾಳವಾಗಿ ಬಟ್ಟೆ ಉಳಿಸಿ, ಮಗಳಿಗೆಂದೇ ಹುಟ್ಟಿದ ಹಾಗೆ ಮತ್ತೆ ಹೊಲಿದಳು. ಮೊದಲ ದಿನ ಅದನ್ನು ತೊಟ್ಟು ಗುಂಡಿ ಕನ್ನಡಿಯ ಮುಂದೆ ನಿಂತಾಗ ಹೊಟ್ಟೆ ಒಳಗೆಳೆದುಕೊಳ್ಳಲಿಲ್ಲ. ತಾಯಿ ಗಮನಿಸಿದ್ದು ಅದನ್ನೇ.

ಕೆಲಸಕ್ಕೆ ಸೇರಿ ಆರು ತಿಂಗಳು ಮುಗಿದು ಏಳಕ್ಕೆ ಬಿದ್ದಿತ್ತು. ಬೂಟಿನ ದಾರ ಕಟ್ಟಲು ಮಗಳು ಬಗ್ಗಿದಾಗ ಸೊಂಟದ ಹಿಂದೆ ಪಟ್ಟಿ ಸ್ವಲ್ಪ ಬಾಯಿ ಬಿಟ್ಟಿದ್ದು ತಾಯಿಗೆ ಕಂಡಿತು. ಬಟ್ಟೆ ಒಗೆತಕ್ಕೆ ಹಿಗ್ಗಿರಬೇಕು ಅಂದುಕೊಂಡಳು. ಒಗೆದ ದಿನ ಎರಡೂ ಪ್ಯಾಂಟಿಗೆ ಅರ್ಧ ಇಂಚು ಹಿಡಿದಳು. ಐದು ವಾರ ಕಳೆದು ಇನ್ನರ್ಧ. ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ಮೈ ಹದವಾಗುತ್ತಿದೆ ಅಂದುಕೊಂಡಳು. ಮತ್ತೆ ಕೆಲವು ವಾರಕ್ಕೆ ಮುಕ್ಕಾಲು. ಈ ವಯಸ್ಸಿನ ಹುಡುಗಿಯರು ಇಳಿಯಬೇಕೆಂದೇ ಇಳಿಯುತ್ತಾರಲ್ಲ, ಅಂದುಕೊಂಡಳು. ಪ್ರತಿ ಸಲಕ್ಕೂ ಒಂದೊಂದು ನೆಪ ಸಿಕ್ಕಿತು. ಪ್ರತಿ ಸಲವೂ ಸೊಂಟಪಟ್ಟಿಯ ಒಳಗಿನ ಬಿಳಿ ಬಟ್ಟೆಯ ಮೇಲೆ, ಒಗೆದರೂ ಹೋಗದ ಪೆನ್ನಿನಲ್ಲಿ, ತಾರೀಖನ್ನೂ ಹಿಡಿದ ಅಳತೆಯನ್ನೂ ಬರೆದಳು. ಅದು ಅವಳಿಗೆ ಕೆಲಸ ಕಲಿಸಿದ ಮೇಸ್ತ್ರಿಯ ಕಟ್ಟಳೆ. ಒಮ್ಮೆ ಹೊಲಿದ ಬಟ್ಟೆಯನ್ನು ಮತ್ತೆ ಬಿಚ್ಚಿದರೆ ಒಳಗೆ ಬರೆದಿಡಬೇಕು, ಮುಂದೆ ಅದು ಯಾರ ಕೈಗೆ ಹೋದರೂ ಅದರ ಕಥೆ ತಿಳಿಯಬೇಕು ಎನ್ನುತ್ತಿದ್ದ. ಬರೆದದ್ದು ಕೈ. ಮನಸ್ಸು ಓದಿರಲಿಲ್ಲ.

ಓದಿದವರು ಅತ್ತೆ, ಅದೂ ಕಣ್ಣಿಲ್ಲದೆ. ಅವರ ಎರಡೂ ಕಣ್ಣಿಗೆ ಪೊರೆ ಬಂದು ಎದುರಿದ್ದವರು ಮಂಜಿನೊಳಗೆ ನಿಂತವರಂತೆ ಕಾಣುತ್ತಿದ್ದರು. ಒಂದು ಮಧ್ಯಾಹ್ನ ಕೆಲಸಕ್ಕೆ ಹೊರಟ ಮೊಮ್ಮಗಳ ಕೈ ಹಿಡಿದವರು ಬಿಡದೆ, ಮಣಿಕಟ್ಟನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತರು. ಅವಳು ಹೋದ ಮೇಲೆ ಸೊಸೆಯನ್ನು ಕರೆದರು.

"ಅಲ್ಲ ಕಣೇ, ಮಗುಗೆ ಊಟ ಹಾಕ್ತಿದ್ದೀಯೋ, ಬರೀ ತಟ್ಟೆ ತೋರಿಸ್ತಿದ್ದೀಯೋ? ಕೈಯಲ್ಲಿ ಮೂಳೆ ಬಿಟ್ರೆ ಬಳೆ."

"ಹಾಗೇನಿಲ್ಲ ಅತ್ತೆ. ಯೂನಿಫಾರ್ಮು ಮೈಗೆ ಸರಿಯಾಗಿ ಕೂತಿದೆಯಲ್ಲ, ನೀವೇ ನೋಡಿ."

"ನಾನು ನೋಡೋದಾ? ಚೆನ್ನಾಗಿ ಹೇಳ್ದೆ," ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.

ಟೈಲರಮ್ಮ ಒಲೆಯ ಮೇಲೆ ಆಲೂಗಡ್ಡೆ ಬೇಯಲಿಟ್ಟು ಬಂದಿದ್ದಳು. ಅದು ತಳ ಹಿಡಿಯುವವರೆಗೂ ಯಂತ್ರದ ಮುಂದೆ ಸುಮ್ಮನೆ ನಿಂತಿದ್ದಳು.

ಅದಾದ ವಾರಕ್ಕೆ ನರ್ಸಿನ ಫೋನು ಬಂತು. ಗುಂಡಿಗೆ ಅವತ್ತು ರಜೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಕೈ ಒದ್ದೆ ಅಂತ ಫೋನನ್ನು ಕಟ್ಟೆಯ ಮೇಲಿಟ್ಟು ಸ್ಪೀಕರ್ ಹಾಕಿದ್ದಳು. ಮುಂದಿನ ಕೋಣೆಯಲ್ಲಿ ಯಂತ್ರದ ಮೇಲೆ ಅವಳದೇ ಪ್ಯಾಂಟು. ನಾಲ್ಕನೆಯ ಸಲ, ಮುಕ್ಕಾಲು ಇಂಚು. ನರ್ಸಿನದು ಪ್ರತಿ ತಿಂಗಳೂ ಅದೇ ಪಟ್ಟಿ. ದಿನಕ್ಕೆ ಎಷ್ಟು ಸಲ ಹೋಗ್ತೀಯಾ? ಎರಡು. ರಕ್ತ? ಇಲ್ಲ. ನೋವು? ಇಲ್ಲ. ಮಲ ಪರೀಕ್ಷೆಗೆ ಕೊಟ್ಟ ಡಬ್ಬಿ ಇನ್ನೂ ಬಂದಿಲ್ಲವಲ್ಲ? ಈ ವಾರ ಖಂಡಿತ ಕಳಿಸ್ತೀನಿ ಅಕ್ಕ. ಆಮೇಲೆ ಕೊನೆಯ ಪ್ರಶ್ನೆ.

"ಬಟ್ಟೆ ಏನಾದ್ರೂ ಸಡಿಲ ಆಗಿದ್ಯೇನಮ್ಮ?"

"ಇಲ್ಲಕ್ಕ. ಎಲ್ಲಾ ಹಾಗೇ ಇದೆ, ಹೊಲಿದ ದಿನ ಹೇಗಿತ್ತೋ ಹಾಗೆ."

ಯಂತ್ರ ನಿಂತಿತು. ಟೈಲರಮ್ಮನ ಕಾಲು ಪೆಡಲಿನ ಮೇಲೆಯೇ ಇತ್ತು, ಒತ್ತಲು ಆಗಲಿಲ್ಲ. ಸೂಜಿ ಬಟ್ಟೆಯೊಳಗೆ ಇಳಿದು ನಿಂತಿತ್ತು. ಬಂದ ಉತ್ತರ ಮಗಳದಲ್ಲ, ತನ್ನದು ಎಂದು ಅವಳಿಗೆ ಆ ಕ್ಷಣಕ್ಕೆ ತಿಳಿಯಿತು. ಎದ್ದು ಹೋಗಿ ಫೋನಿಗೆ ಬಾಯಿ ಹಾಕಬೇಕು ಅನ್ನಿಸಿತು. ಏನಂತ ಹೇಳುವುದು? ಮಗಳಿಗೇ ಹೇಳದೆ ಐದು ವರ್ಷ ಮಾಡಿಕೊಂಡು ಬಂದದ್ದನ್ನು ಅವಳ ಮುಂದೆಯೇ ಬೇರೆಯವರಿಗೆ ಹೇಳುವುದೇ? ಯೋಚಿಸುವಷ್ಟರಲ್ಲಿ ಆ ಕಡೆ ಫೋನ್ ಇಟ್ಟಾಯಿತು. ಗುಂಡಿ ಪಾತ್ರೆ ಬೋರಲು ಹಾಕುತ್ತಾ ಯಾವುದೋ ಹಾಡು ಗುನುಗತೊಡಗಿದಳು. ಇನ್ನೊಂದು ಪ್ಯಾಂಟು ಒಗೆಯಲು ನೆನೆದಿತ್ತು, ಅರ್ಧ ಹಾಕಿದ ಹೊಲಿಗೆಯನ್ನು ಹಾಗೆ ಬಿಟ್ಟರೆ ನಾಳೆಗೆ ಹಾಕಿಕೊಳ್ಳಲು ಪ್ಯಾಂಟಿಲ್ಲ. ತಾಯಿ ಹೊಲಿಗೆ ಮುಗಿಸಿದಳು, ತಾರೀಖನ್ನೂ ಬರೆದಳು. ಆಮೇಲೆ ಎಷ್ಟೋ ದಿನ ಅವಳನ್ನು ಸುಟ್ಟದ್ದು ಅದೇ, ತಿಳಿದ ಮೇಲೂ ಮುಗಿಸಿದೆನಲ್ಲಾ ಎಂಬುದು.

ಸಂಜೆ ಹೇಳೋಣ ಅಂದುಕೊಂಡಳು. ಸಂಜೆ ಮಗಳು ತಲೆನೋವು ಅಂತ ಬೇಗ ಮಲಗಿದಳು. ನಾಳೆ ಅಂದುಕೊಂಡಳು. ನಾಳೆ ಅವಳಿಗೆ ಬೆಳಗಿನ ಪಾಳಿ. ಈಚೆಗೆ ಪಾಳಿ ಶುರುವಾಗುವ ಒಂದು ಗಂಟೆ ಮೊದಲೇ ಡಿಪೋ ಸೇರುತ್ತಿದ್ದಳು, ಬಸ್ಸು ತಪಾಸಣೆ ಮಾಡಬೇಕು ಅಂತ. ಹೀಗೆ ನಾಳೆಗೆ ನಾಳೆ ಪೋಣಿಸಿ ಹತ್ತು ದಿನವಾಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಮದುವಣಗಿತ್ತಿಯೊಬ್ಬಳು ಅಳತೆ ಕೊಡುತ್ತಿದ್ದಾಗ ಡಿಪೋದಿಂದ ಫೋನು. ಬಸ್ಸು ಕೊನೆಯ ನಿಲ್ದಾಣ ಮುಟ್ಟಿ, ಜನರೆಲ್ಲ ಇಳಿದ ಮೇಲೂ ಡ್ರೈವರ್ ಸೀಟಿನಿಂದ ಏಳಲಿಲ್ಲವಂತೆ. ಹೊಟ್ಟೆ ಕಲ್ಲಿನಂತೆ ಊದಿ, ವಾಂತಿ ನಿಲ್ಲದೆ, ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರಂತೆ. ಟೈಲರಮ್ಮ ಟೇಪನ್ನು ಕೊರಳಿಂದ ತೆಗೆಯುವುದನ್ನೂ ಮರೆತು ಹೊರಟಳು.

ಕಿಟಕಿಯ ಪಕ್ಕದ ಹಾಸಿಗೆ. ಮೂಗಿನಿಂದ ಹೊಟ್ಟೆಗೆ ಇಳಿಸಿದ ಸಣ್ಣ ಕೊಳವೆ, ತೋಳಿಗೆ ಡ್ರಿಪ್ಪು, ಬೆನ್ನ ಹಿಂದೆ ಗಂಟು ಹಾಕುವ ಆಸ್ಪತ್ರೆಯ ಗೌನು. ಆ ಗೌನನ್ನು ಯಾರೂ ಅವಳ ಅಳತೆಗೆ ತಂದಿರಲಿಲ್ಲ. ಬಿಳಿ ಬಟ್ಟೆಯೊಳಗೆ ಮಗಳು ಎಲ್ಲಿದ್ದಾಳೆಂದು ಹುಡುಕಬೇಕಾಯಿತು. ಕೊರಳ ಕೆಳಗಿನ ಎರಡು ಮೂಳೆ, ಬಡಕಲು ಭುಜ. ತಾಯಿ ಎಷ್ಟೋ ತಿಂಗಳಾದ ಮೇಲೆ ಮೊದಲ ಬಾರಿಗೆ ಮಗಳನ್ನು ನೋಡಿದಳು.

ಹೊಟ್ಟೆ ಡಾಕ್ಟರು ಬಂದು ಸ್ಕ್ಯಾನಿನಲ್ಲಿ ಕಂಡದ್ದನ್ನು ಹೇಳಿದರು. ಸಣ್ಣಕರುಳಿನ ಕೊನೆಯಲ್ಲಿ ಒಂದು ಜಾಗ ಊದಿ, ದಾರಿ ಕಿರಿದಾಗಿದೆ. ಸದ್ಯ ಬಾಯಿಗೆ ಏನೂ ಕೊಡದೆ ಕರುಳಿಗೆ ವಿಶ್ರಾಂತಿ. ಮುಂದಿನದು ಇದು ಯಾವಾಗಿನಿಂದ ಅನ್ನುವುದರ ಮೇಲೆ ನಿಂತಿದೆ. ಏನೋ ತಿಂದು ಸೋಂಕಾಗಿ ಈಚೆಗೆ ಊದಿದ್ದರೆ ಮೂರು ನಾಲ್ಕು ದಿನಕ್ಕೆ ಇಳಿಯುತ್ತದೆ, ಈಗಿನ ಚುಚ್ಚುಮದ್ದನ್ನೇ ಮುಂದುವರಿಸಿ ಮನೆಗೆ ಕಳಿಸಬಹುದು. ತಿಂಗಳುಗಟ್ಟಲೆಯಿಂದ ಒಳಗೊಳಗೇ ಕುದಿಯುತ್ತಿದ್ದರೆ ಆ ಮದ್ದು ಕೈಕೊಟ್ಟಿದೆ ಎಂದೇ ಅರ್ಥ. ಆಗ ಅದನ್ನು ನಂಬಿ ಕೂತರೆ ದಾರಿ ಪೂರ್ತಿ ಮುಚ್ಚಿ, ಆ ತುಂಡನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಕಳೆದ ವರ್ಷಕ್ಕೂ ಇವತ್ತಿಗೂ ಒಂಬತ್ತು ಕೆಜಿ ವ್ಯತ್ಯಾಸವಿದೆಯಲ್ಲ, ಎಂದು ಗುಂಡಿಯ ಮುಖ ನೋಡಿದರು.

ಅದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಳಿದದ್ದು ಡಾಕ್ಟ್ರೇ, ಆಮೇಲೆ ಹಾಗೇ ಇದೆ, ಎಂದಳು ಗುಂಡಿ. ಈ ತೊಂದರೆ ಎರಡು ವಾರದ್ದು. ಡಿಪೋದ ಹತ್ತಿರ ಏನೋ ತಿಂದಿದ್ದು, ಇನ್ನಿಬ್ಬರಿಗೂ ಹೊಟ್ಟೆ ಕೆಟ್ಟಿತ್ತು. ಮಾತು ಸಲೀಸಾಗಿ ಬಂತು, ನಿಲ್ದಾಣದ ಹೆಸರುಗಳನ್ನು ಸಾಲಾಗಿ ಹೇಳಿದ ಹಾಗೆ. ಸೋಂಕಿನ ಪರೀಕ್ಷೆ ಬರಲಿ, ಮಧ್ಯಾಹ್ನ ಮತ್ತೆ ಬರುತ್ತೇನೆ, ಸರಿಯಾಗಿ ನೆನಪು ಮಾಡಿಕೊಂಡಿರು ಎಂದು ಡಾಕ್ಟರು ಹೋದರು.

ಹಾಸಿಗೆಯ ಕಾಲಿನ ಹತ್ತಿರ ಪ್ಲಾಸ್ಟಿಕ್ ಚೀಲದಲ್ಲಿ ಮಗಳ ಸಮವಸ್ತ್ರ ಇತ್ತು. ಟೈಲರಮ್ಮ ಪ್ಯಾಂಟನ್ನು ಹೊರಗೆ ತೆಗೆದಳು. ಮಡಿಚಿಡಲು ತೆಗೆದವಳು ಒಳಹೊರಗು ಮಾಡಿ ತೊಡೆಯ ಮೇಲೆ ಹರಡಿಕೊಂಡಳು. ಹಿಂಬದಿಯ ಹೊಲಿಗೆಯ ಪಕ್ಕ ಸಾಲುಸಾಲಾಗಿ ನಾಲ್ಕು ಗೆರೆ. ಒಂದರ ಒಳಗೊಂದು, ಕೆರೆ ಬತ್ತುತ್ತಾ ಬಂದಾಗ ದಡದಲ್ಲಿ ಉಳಿಯುವ ಗುರುತಿನ ಹಾಗೆ. ಪಟ್ಟಿಯ ಮೇಲೆ ಅವಳದೇ ದುಂಡಗಿನ ಅಕ್ಷರ. ನಾಲ್ಕು ತಾರೀಖು. ಅರ್ಧ, ಅರ್ಧ, ಮುಕ್ಕಾಲು, ಮುಕ್ಕಾಲು.

"ಅದನ್ನ ಇಲ್ಲಿ ಯಾಕೆ ಬಿಚ್ಕೊಂಡು ಕೂತಿದ್ದೀಯ? ಸೂಜಿ ದಾರ ಬೇಕಾದ್ರೆ ನರ್ಸನ್ನ ಕೇಳು, ಅವ್ರ ಹತ್ರ ಬೇಕಾದಷ್ಟಿವೆ," ಎಂದಳು ಗುಂಡಿ. ಕೊಳವೆಯಿಂದಾಗಿ ಅವಳ ದನಿ ಮೂಗಿನಲ್ಲಿ ಬರುತ್ತಿತ್ತು.

ತಾಯಿ ಪಟ್ಟಿಯನ್ನು ಅವಳ ಕಣ್ಣಿಗೆ ಹಿಡಿದಳು. ಹತ್ತು ದಿನದಿಂದ ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಹಸಿರು ಅಂಗಿಯಿಂದ ಹಿಡಿದು ಹೇಳಿದಳು. ನೀನು ಅವತ್ತು ನೆಲದ ಮೇಲೆ ಅಳ್ತಾ ಕೂತಿದ್ದೆಯಲ್ಲ, ಅದನ್ನ ಇನ್ನೊಂದು ಸಲ ನೋಡೋಕೆ ನನ್ನಿಂದ ಆಗ್ತಿರಲಿಲ್ಲ ಎಂದಳು. ಬಟ್ಟೆ ಸರಿಮಾಡಿದರೆ ನೀನೂ ಸರಿಯಾಗಿದ್ದೀಯ ಅಂತ ನನಗೆ ನಾನೇ ಹೇಳಿಕೊಂಡೆ ಎಂದಳು. ನರ್ಸಿನ ಫೋನು ಬಂದಾಗ ಇದೇ ಪ್ಯಾಂಟು ಯಂತ್ರದ ಮೇಲಿತ್ತು ಎಂಬುದನ್ನೂ ಬಿಡಲಿಲ್ಲ.

ಗುಂಡಿ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ತಾರೀಖುಗಳ ಮೇಲೆ ಬೆರಳಾಡಿಸಿದಳು. ನಗು ಬಂತು, ನಕ್ಕರೆ ಹೊಟ್ಟೆ ನೋಯುತ್ತದೆಂದು ಅರ್ಧಕ್ಕೆ ತಡೆದಳು.

"ಅಮ್ಮ, ಆ ನರ್ಸಕ್ಕಂಗೆ ನಾನು ಹೇಳಿದ್ದೆಲ್ಲ ಸುಳ್ಳು. ಎರಡು ಸಲ ಅಲ್ಲ, ಏಳು ಸಲ. ಬೇಗ ಡಿಪೋಗೆ ಓಡ್ತಿದ್ದಿದ್ದು ಬಸ್ಸು ನೋಡೋಕಲ್ಲ, ಮನೇಲಿ ನಿಂಗೆ ಲೆಕ್ಕ ಸಿಗಬಾರದು ಅಂತ. ಯಾವ ನಿಲ್ದಾಣದ ಬಾಗಿಲಿಗೆ ಚಿಲಕ ಇದೆ, ಎಲ್ಲಿ ನೀರಿಲ್ಲ, ಎಲ್ಲಾ ಬಾಯಿಪಾಠ. ಬಟ್ಟೆ ಮಾತು ಒಂದೇ ನಿಜ ಹೇಳಿದ್ದು ಅಂದ್ಕೊಂಡಿದ್ದೆ." ಸ್ವಲ್ಪ ಸುಧಾರಿಸಿಕೊಂಡಳು. "ದಿನಾ ಬೆಳಿಗ್ಗೆ ಇದನ್ನ ಹಾಕ್ಕೊಂಡು ಕನ್ನಡಿ ನೋಡ್ತಿದ್ದೆ. ಪ್ಯಾಂಟು ಹಾಗೇ ಇದೆ, ಅಂದ್ರೆ ಅಷ್ಟೇನೂ ಕೆಟ್ಟಿಲ್ಲ, ಇನ್ನೊಂದು ತಿಂಗಳು ತಳ್ಳಬಹುದು ಅಂತ ಧೈರ್ಯ ತಗೋತಿದ್ದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಟೈಲರಮ್ಮ ಕೊರಳಲ್ಲಿದ್ದ ಟೇಪಿನ ಎರಡೂ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು.

"ಇನ್ನು ಮೂರು ವಾರ ಅಮ್ಮ," ಎಂದಳು ಗುಂಡಿ. "ಮೂರು ವಾರ ಆದ್ರೆ ಕಾಯಂ. ಈಗ ತಿಂಗಳುಗಟ್ಟಲೆ ಕಾಯಿಲೆ ಇತ್ತು, ಮುಚ್ಚಿಟ್ಟಿದ್ದೆ ಅಂತ ಆದ್ರೆ ಇಟ್ಕೋತಾರಾ? ಎರಡು ವಾರ ಅಂತಲೇ ಇರಲಿ. ಇದನ್ನ ಚೀಲಕ್ಕೆ ಹಾಕು."

ಬೇರೆ ದಿನವಾಗಿದ್ದರೆ ತಾಯಿ ಸರಿ ಅಂದು, ಕಾರಿಡಾರಿನಲ್ಲಿ ಡಾಕ್ಟರನ್ನು ತಡೆದು ಎಲ್ಲ ಹೇಳುತ್ತಿದ್ದಳೋ ಏನೋ. ಕಾಲು ಆ ಕಡೆಗೆ ಎದ್ದಿತ್ತು ಕೂಡ. ಆದರೆ ಅದೂ ಬೆನ್ನ ಹಿಂದೆ ಹಾಕುವ ಇನ್ನೊಂದು ಹೊಲಿಗೆಯೇ ಅಲ್ಲವೇ ಎನ್ನಿಸಿ ಕೂತಳು. ಪ್ಯಾಂಟನ್ನು ಚೀಲಕ್ಕೆ ಹಾಕಲಿಲ್ಲ. ಒಳಮೈ ಮೇಲಾಗಿ, ಪಟ್ಟಿ ಕಾಣುವ ಹಾಗೆ, ಮಗಳ ಕೈಗೆಟುಕುವಲ್ಲಿ ಹೊದಿಕೆಯ ಮೇಲಿಟ್ಟಳು.

"ನಾನು ಡಾಕ್ಟರಿಗೆ ಏನೂ ಹೇಳಲ್ಲ. ನಿಂಗೆ ಗೊತ್ತಿಲ್ಲದೆ ಮಾಡಿದ್ದು ಸಾಕು. ಕರುಳು ನಿಂದು, ಕೆಲಸ ನಿಂದು, ಮಾತೂ ನಿಂದೇ ಇರಲಿ. ಆದ್ರೆ ಒಂದು ತಿಳ್ಕೋ. ಇನ್ನು ಮೇಲೆ ನಿನ್ನ ಬಟ್ಟೆಗೆ ನೀನು ಕೇಳದೆ ನಾನು ಸೂಜಿ ಹಾಕಲ್ಲ. ಜಾರಿದ್ರೆ ಜಾರಲಿ."

ಅಲ್ಲಿಂದ ಡಾಕ್ಟರು ಬರುವವರೆಗಿನ ಎರಡು ಗಂಟೆ ಟೈಲರಮ್ಮನಿಗೆ ಹಿಂದೊಮ್ಮೆ ನುಂಗಿದ ಕೋಟಿನ ಗುಂಡಿ ಹೊರಬರಲೆಂದು ಕಾದ ಎರಡು ದಿನಕ್ಕಿಂತ ಉದ್ದವಾಯಿತು. ಪಕ್ಕದ ಹಾಸಿಗೆಯ ಅಜ್ಜ ರೇಡಿಯೋ ತಿರುಗಿಸುತ್ತಿದ್ದ. ಗುಂಡಿ ಕಣ್ಣು ಮುಚ್ಚಿದ್ದಳು, ನಿದ್ದೆ ಮಾಡಿರಲಿಲ್ಲ. ರೆಪ್ಪೆ ಅದುರುತ್ತಿದ್ದುದು ಕಾಣುತ್ತಿತ್ತು.

ಡಾಕ್ಟರು ಕನ್ನಡಕ ಒರೆಸುತ್ತಾ ಬಂದರು. ಸೋಂಕಿನ ಪರೀಕ್ಷೆಯಲ್ಲಿ ಇಷ್ಟರವರೆಗೆ ಏನೂ ಸಿಕ್ಕಿಲ್ಲ, ಇನ್ನೊಂದು ಬರಬೇಕು ಎಂದರು. ಎರಡೇ ವಾರ ಅಂತೀಯಲ್ಲ, ಖಂಡಿತ ತಾನೇ, ಎಂದು ಕೇಳಿದರು. ಗುಂಡಿ ಕಿಟಕಿಯ ಕಡೆ ನೋಡಿದಳು. ಹೊರಗೆ ಬೀದಿಯಲ್ಲಿ ಕಡುನೀಲಿ ಬಣ್ಣದ ಬಸ್ಸೊಂದು ನಿಂತು, ಬಾಗಿಲು ತೆರೆದು, ಮುಚ್ಚಿ, ಹೊರಟಿತು. ತಾಯಿ ನಾಲಿಗೆಯನ್ನು ಹಲ್ಲಿನ ನಡುವೆ ಒತ್ತಿ ಹಿಡಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಗುಂಡಿ ಅದನ್ನು ಕಣ್ಣಿನಲ್ಲೇ ಹಿಂಬಾಲಿಸಿದಳು. ಆಮೇಲೆ ಉದ್ದಕ್ಕೆ ಒಂದು ಉಸಿರು ಬಿಟ್ಟಳು. ಕನ್ನಡಿಯ ಮುಂದೆ ನಿಂತವರು ಕೊನೆಗೆ ಸೋತು ಬಿಡುವ ಉಸಿರನ್ನು ಟೈಲರಮ್ಮ ಎಲ್ಲಿದ್ದರೂ ಗುರುತಿಸುತ್ತಿದ್ದಳು.

"ಎರಡು ವಾರ ಅಲ್ಲ ಡಾಕ್ಟ್ರೇ," ಎಂದಳು. "ಇಲ್ಲಿ ಬರೆದಿದೆ, ನೋಡಿ."

ಡಾಕ್ಟರು ಪ್ಯಾಂಟನ್ನು ಕೈಗೆ ತೆಗೆದುಕೊಂಡು, ಒಂದು ಸಲ ತಾಯಿಯನ್ನೂ ಒಂದು ಸಲ ಮಗಳನ್ನೂ ನೋಡಿ, ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಹೊಲಿಗೆಯ ಗೆರೆಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಸುಮಾರು ಐದು ತಿಂಗಳು, ಎರಡೂವರೆ ಇಂಚು ಎಂದು ತಮಗೆ ತಾವೇ ಹೇಳಿಕೊಂಡರು. ಬೈಯಲಿಲ್ಲ. ನರ್ಸನ್ನು ಕರೆದು ತಾರೀಖುಗಳನ್ನು ಕಡತದಲ್ಲಿ ಬರೆಸಿದರು. ಮದ್ದು ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆಗೆ ಅವತ್ತೇ ಕಳಿಸಿದರು.

ಮದ್ದು ಉಳಿದಿರಲೇ ಇಲ್ಲ. ಗುಂಡಿಯ ಮೈಯೇ ಅದನ್ನು ಪರಕೀಯನೆಂದು ತಿಳಿದು, ಒಳಗೆ ಬಂದಷ್ಟನ್ನೂ ಹೊಡೆದು ಓಡಿಸುತ್ತಿತ್ತಂತೆ. ಕೆಲವರಲ್ಲಿ ಹಾಗಾಗುತ್ತದೆ, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಐದು ತಿಂಗಳು ಚೇಳು ಸುಮ್ಮನೆ ಕಚ್ಚಿತ್ತು. ಊತ ಇಳಿಸಲು ಕೆಲವು ವಾರ ಮತ್ತೆ ಸ್ಟೀರಾಯ್ಡು, ಜೊತೆಗೆ ಬೇರೆ ಜಾತಿಯ ಹೊಸ ಔಷಧಿ, ಆಸ್ಪತ್ರೆಯಲ್ಲೇ ಡ್ರಿಪ್ಪಿನ ಮೂಲಕ. ಕಿರಿದಾದ ಜಾಗದಲ್ಲಿ ಊತ ಎಷ್ಟು, ಗಟ್ಟಿಯಾದ ಕಲೆ ಎಷ್ಟು ಎಂಬುದು ಮೂರು ತಿಂಗಳ ಮೇಲೆ ಸ್ಕ್ಯಾನು ಮಾಡಿದರೆ ಗೊತ್ತಾಗುತ್ತದೆ. ಆಪರೇಷನ್ ಬೇಡವೇ ಬೇಡ ಎಂದು ಅವರು ಮಾತು ಕೊಡಲಿಲ್ಲ. ಇವತ್ತು ಬೇಡ ಎಂದರು.

ಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಹೇಳಿದ್ದಾಯಿತು. ಅವರು ತಿಂಗಳುಗಟ್ಟಲೆ ಬೀದಿಯವರಿಗೆ, ನಮ್ಮ ಹುಡುಗಿಯ ಡಾಕ್ಟ್ರು ಪುಸ್ತಕ ಓದಿದವರಲ್ಲ, ಪ್ಯಾಂಟು ಓದಿದವರು ಎಂದು ಹೇಳುತ್ತಲೇ ಇದ್ದರು. ಸೊಸೆಗೆ ಮಾತ್ರ ಬೇರೆಯಾಗಿ, ಹತ್ತಿರ ಕರೆದು, ಕಣ್ಣಿದ್ದೋರ ಪಾಡೂ ಕಷ್ಟಾನೇ ಬಿಡು ಎಂದು ತಲೆ ಸವರಿದರು.

ಡಿಪೋಗೆ ಗುಂಡಿ ತಾನೇ ಹೋಗಿ ಹೇಳಿದಳು. ಕಾಯಂ ಆಗಲಿಲ್ಲ. ಪರೀಕ್ಷೆಯ ಅವಧಿಯನ್ನು ಇನ್ನಾರು ತಿಂಗಳು ಮುಂದಕ್ಕೆ ಹಾಕಿದರು. ಮೊದಲೇ ಹೇಳಿದ್ದರೆ ಮೊದಲೇ ದಾರಿ ಬದಲಿಸಿಕೊಡುತ್ತಿದ್ದೆವಲ್ಲ ಎಂದು ಮೇಲ್ವಿಚಾರಕಿ ರೇಗಿದಳಂತೆ. ನಲವತ್ತು ನಿಮಿಷಕ್ಕೊಮ್ಮೆ ಡಿಪೋಗೆ ಮರಳುವ ಸಣ್ಣ ಸುತ್ತಿನ ಬಸ್ಸು ಕೊಟ್ಟರು. ಗಾಣದ ಎತ್ತಿನ ಹಾಗೆ ಅಲ್ಲಲ್ಲೇ ಸುತ್ತೋದು ಎಂದು ಗುಂಡಿ ಮನೆಗೆ ಬಂದು ಮುಖ ಊದಿಸಿಕೊಂಡಳು. ಸ್ಟೀರಾಯ್ಡಿನಿಂದ ಮೊದಲೇ ಊದಿದ ಮುಖ ಅದು, ಗುರುತಾಗಲಿಲ್ಲ.

ಮರಳಿ ಕೆಲಸಕ್ಕೆ ಹೋಗುವ ಹಿಂದಿನ ದಿನ ಅವಳು ಎರಡೂ ಪ್ಯಾಂಟನ್ನು ತಂದು ಯಂತ್ರದ ಮೇಲಿಟ್ಟಳು. ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

"ನಾಲ್ಕನ್ನೂ ಬಿಚ್ಚಮ್ಮ. ನಾನು ಕೇಳ್ತಿದ್ದೀನಿ."

"ಎಲ್ಲಾ ಬಿಚ್ಚಿದ್ರೆ ಸೊಂಟದಲ್ಲಿ ನಿಲ್ಲಲ್ಲ ಕಣೇ. ಎರಡು ಬಿಚ್ತೀನಿ."

"ನಾಲ್ಕೂ. ಬೆಲ್ಟ್ ಹಾಕ್ಕೋತೀನಿ."

ಟೈಲರಮ್ಮ ದಾರ ಬಿಚ್ಚುವ ಕೊಕ್ಕೆ ತೆಗೆದು ಒಂದೊಂದೇ ಹೊಲಿಗೆ ಕತ್ತರಿಸತೊಡಗಿದಳು. ಕತ್ತರಿಸಿದ ದಾರದ ಚೂರುಗಳನ್ನು ಗುಂಡಿ ಎದುರಿಗೆ ಕೂತು ಬೆರಳಿಗೆ ಅಂಟಿಸಿಕೊಂಡು ತೆಗೆಯುತ್ತಾ ಹೋದಳು. ನಾಲ್ಕನೆಯ ಗೆರೆ, ಮೂರನೆಯದು, ಎರಡನೆಯದು. ಹೊಲಿಗೆ ಹೋದ ಮೇಲೂ ಸೂಜಿ ಹಾದ ತೂತುಗಳು ಸಣ್ಣಗೆ ಕಾಣುತ್ತಿದ್ದವು. ಒಗೆದರೂ ಹೋಗುವಂಥವಲ್ಲ ಅವು. ಮುಗಿದ ಮೇಲೆ ತಾಯಿ ಪೆನ್ನು ತೆಗೆದು ಪಟ್ಟಿಯ ಮೇಲೆ ಐದನೆಯ ತಾರೀಖು ಬರೆದಳು. ಅದರ ಮುಂದೆ ಏನು ಬರೆಯಬೇಕೆಂದು ಮಗಳ ಮುಖ ನೋಡಿದಳು.

"ಪೂರ್ತಿ ಬಿಟ್ಟಿದೆ ಅಂತ ಬರಿ," ಎಂದಳು ಗುಂಡಿ.

ಮಾರನೆಯ ದಿನ ಅವಳು ಕನ್ನಡಿಯ ಮುಂದೆ ನಿಂತಾಗ ಪ್ಯಾಂಟು ಬೆಲ್ಟಿನ ಕೆಳಗೆ ನೆರಿಗೆ ನೆರಿಗೆಯಾಗಿ ಗುಂಪುಗೂಡಿತ್ತು. ನೋಡಲು ಚೆನ್ನಾಗಿರಲಿಲ್ಲ. ಟೈಲರಮ್ಮನ ಬೆರಳುಗಳು ತಾವಾಗಿಯೇ ಮುಂದೆ ಚಾಚಿ, ಒಂದು ನೆರಿಗೆ ಹಿಡಿಯಲು ಹೋಗಿ, ನಡುದಾರಿಯಲ್ಲಿ ನಿಂತವು. ಸೆರಗಿಗೆ ಕೈ ಒರೆಸಿಕೊಂಡು ಊಟದ ಡಬ್ಬಿ ತರಲು ಒಳಗೆ ಹೋದಳು. ಮೆತ್ತಗೆ ಬೇಯಿಸಿದ ಅನ್ನ, ಒಂದು ಮೊಟ್ಟೆ, ಸಿಪ್ಪೆ ತೆಗೆದು ಬೇಯಿಸಿದ ಗೆಣಸು.

ತಿಂಗಳು ಕಳೆದು ನರ್ಸಿನ ಫೋನು ಬಂತು. ಗುಂಡಿ ಈ ಸಲ ಫೋನನ್ನು ಮುಂದಿನ ಕೋಣೆಗೇ ತಂದು ಇಸ್ತ್ರಿ ಮೇಜಿನ ಮೇಲಿಟ್ಟಳು. ದಿನಕ್ಕೆ ನಾಲ್ಕು ಸಲ. ರಕ್ತ ಇಲ್ಲ. ನೋವು ಇದೆ, ಮೊದಲಿನಷ್ಟಿಲ್ಲ. ಡಬ್ಬಿ ಮೊನ್ನೆ ಕಳಿಸಿದೆ. ಬಟ್ಟೆ ಸಡಿಲವೇ ಎಂದು ನರ್ಸು ಕೇಳಿದಾಗ ಅವಳು ಬೆಲ್ಟಿನ ಮೇಲೆ ಕೈಯಿಟ್ಟು ತೂತು ಎಣಿಸಿದಳು.

"ಸಡಿಲ ಇದೆ ಅಕ್ಕ. ಆದ್ರೆ ಬೆಲ್ಟು ಹೋದ ವಾರಕ್ಕಿಂತ ಒಂದು ತೂತು ಕಮ್ಮಿ ಬಿಗೀತಿದ್ದೀನಿ."

ಯಂತ್ರದ ಮೇಲೆ ಮದುವಣಗಿತ್ತಿಯ ರವಿಕೆ ಇತ್ತು. ಟೈಲರಮ್ಮ ತಲೆ ಎತ್ತಲಿಲ್ಲ, ಕಾಲನ್ನೂ ನಿಲ್ಲಿಸಲಿಲ್ಲ.